ಎಷ್ಟು ಇಳಿದರೆ ಸಾಕು?

ಕೆಲವು ವರ್ಷಗಳ ಹಿಂದಿನ ಮಾತು. ವಿಭೂತಿ ಬುಧವಾರ ಕಳೆದು ಎರಡು ದಿನಗಳಾಗಿದ್ದವು. ಸಂಜೆಯ ಶಿಲುಬೆ ಹಾದಿಯನ್ನು ಮುಗಿಸಿ ಗುರುನಿವಾಸದ ಕಡೆಗೆ ನಡೆಯುತ್ತಿದ್ದ ನನ್ನನ್ನು ನಮ್ಮ ಧರ್ಮಕೇಂದ್ರದ ಶಿಕ್ಷಕಿಯೊಬ್ಬರು ತಡೆದು ನಿಲ್ಲಿಸಿದರು. ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಪಾಠ ಮಾಡುತ್ತಿರುವವರು. ಇಬ್ಬರು ಮಕ್ಕಳ ತಾಯಿ. ಅವರ ಅನುಮತಿ ಪಡೆದು, ಹೆಸರನ್ನೂ ಊರನ್ನೂ ಮರೆಮಾಡಿ ಈ ಪ್ರಸಂಗವನ್ನು ಬರೆಯುತ್ತಿದ್ದೇನೆ.

"ಫಾದರ್, ಈ ನಲವತ್ತು ದಿನ ಬರೀ ನೀರು, ಮಜ್ಜಿಗೆ ಮೇಲೆ ಇರ್ಬೇಕು ಅಂತ ಮನಸ್ಸು ಮಾಡಿದ್ದೀನಿ. ನೀವು ಆಶೀರ್ವಾದ ಮಾಡ್ಬೇಕು" ಎಂದರು.

ಇಂದಿನ ದಿನಗಳಲ್ಲಿ ಇಂತಹ ಶ್ರದ್ಧೆಯೇ ಎಂದು ನನಗೆ ಸಂತೋಷವಾಯಿತು. ಆಶೀರ್ವದಿಸಲು ಕೈ ಎತ್ತಿದವನು, ಏಕೋ ಏನೋ, "ಯಾವ ಉದ್ದೇಶಕ್ಕಮ್ಮಾ?" ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. "ಇನ್ನೂ ಹದಿನಾರು ಕಿಲೋ ಇಳೀಬೇಕು ಫಾದರ್. ಅಷ್ಟು ಖರ್ಚು ಮಾಡಿ ಆಪರೇಷನ್ ಮಾಡಿಸ್ಕೊಂಡು ಸೋತುಬಿಟ್ಟೆ ಅನ್ನೋ ಹಾಗಾಗಿದೆ" ಎಂದರು.

ಎತ್ತಿದ ಕೈ ಹಾಗೆಯೇ ಕೆಳಗಿಳಿಯಿತು.

ಅವರ ಕಥೆ ಚಿಕ್ಕದು. ಎತ್ತರ 155 ಸೆಂಟಿಮೀಟರ್. ತೂಕ ಒಮ್ಮೆ 112 ಕಿಲೋ ಇತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೆಟ್ಟಿಲು ಹತ್ತಲಾರದ ಮೊಣಕಾಲು, ರಾತ್ರಿ ಮಲಗಿದರೆ ಉಸಿರು ಕಟ್ಟಿ ಎಚ್ಚರವಾಗುವ ಸಂಕಟ ಎಲ್ಲವೂ ಇದ್ದವು. ಪಥ್ಯ, ನಡಿಗೆ, ಔಷಧಿ ಯಾವುದೂ ಬಹುಕಾಲ ಫಲಿಸದೆ, ಒಂದೂವರೆ ವರ್ಷದ ಹಿಂದೆ ಮೈಸೂರಿಗೆ ಹೋಗಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಜಠರದ ನಾಲ್ಕನೆಯ ಮೂರು ಭಾಗಕ್ಕಿಂತಲೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದುದನ್ನು ಕಿರಿದಾದ ಕೊಳವೆಯಂತೆ ಉಳಿಸುವ ಚಿಕಿತ್ಸೆ ಅದು. ಹೊಟ್ಟೆ ಚಿಕ್ಕದಾಗುವುದಷ್ಟೇ ಅಲ್ಲ, ಹಸಿವನ್ನು ಹುಟ್ಟಿಸುವ ರಸವೂ ಕಡಿಮೆಯಾಗುತ್ತದೆ. ಒಂದೂವರೆ ವರ್ಷದಲ್ಲಿ ಅವರ ತೂಕ 76 ಕಿಲೋಗೆ ಇಳಿದಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತ್ತು, ನಿದ್ರೆ ಬರುತ್ತಿತ್ತು. ಆದರೆ ಕಳೆದ ನಾಲ್ಕು ತಿಂಗಳಿಂದ ತಕ್ಕಡಿಯ ಮುಳ್ಳು 76ರಿಂದ ಕದಲಿರಲಿಲ್ಲ. ಗೋಡೆಗೆ ತೂಗುಹಾಕಿದ ಪಟ್ಟಿಯೊಂದರಲ್ಲಿ ಅವರ ಎತ್ತರಕ್ಕೆ ಎದುರಾಗಿ ಬರೆದಿದ್ದ ಸಂಖ್ಯೆ 60. ಆ ಅರವತ್ತನ್ನು ಮುಟ್ಟಲಾಗದ ನೋವನ್ನು ಅವರು ತಪಸ್ಸುಕಾಲಕ್ಕೆ ಹೊತ್ತು ತಂದಿದ್ದರು.

ಪ್ರಿಯ ಓದುಗರೇ, ಮೇಲ್ನೋಟಕ್ಕೆ ಇದು ವೈದ್ಯರು ಉತ್ತರಿಸಬೇಕಾದ ಪ್ರಶ್ನೆ. ಆದರೆ ಸ್ವಲ್ಪ ಆಳಕ್ಕೆ ಇಳಿದು ನೋಡಿದರೆ, ಮನುಷ್ಯ ತನ್ನ ಬಾಳಿನ ಎಲ್ಲ ವಿಷಯಗಳಲ್ಲಿಯೂ ಕೇಳಿಕೊಳ್ಳಬೇಕಾದ ಹಳೆಯ ನೈತಿಕ ಪ್ರಶ್ನೆಯೊಂದು ಇಲ್ಲಿ ಅಡಗಿದೆ. "ಸಾಕು" ಎಂಬುದನ್ನು ನಿರ್ಧರಿಸುವುದು ಯಾವುದು? ಅಳತೆಗೋಲೇ, ನೆರೆಹೊರೆಯವರ ಕಣ್ಣೇ, ನಮ್ಮ ಆಸೆಯೇ, ಅಥವಾ ಇವೆಲ್ಲಕ್ಕಿಂತ ಬೇರೆಯಾದ ಇನ್ನೇನಾದರೂ ಇದೆಯೇ?

ಮೊದಲು ಆ ಅಳತೆಗೋಲನ್ನೇ ನೋಡೋಣ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ಸಂಖ್ಯೆಗೆ ದೇಹ ದ್ರವ್ಯರಾಶಿ ಸೂಚ್ಯಂಕ ಎಂದು ಹೆಸರು. ಆಸ್ಪತ್ರೆಗಳಲ್ಲಿ ಬಿಎಂಐ ಎನ್ನುತ್ತಾರೆ. ಈ ಲೆಕ್ಕವನ್ನು ಮೊದಲು ಹಾಕಿದವರು ವೈದ್ಯರಲ್ಲ. 1830ರ ದಶಕದಲ್ಲಿ ಬೆಲ್ಜಿಯಂ ದೇಶದ ಕೆಟಲೆ ಎಂಬ ಖಗೋಳ ವಿಜ್ಞಾನಿ, ಸಮಾಜದ "ಸರಾಸರಿ ಮನುಷ್ಯ" ಹೇಗಿರುತ್ತಾನೆಂದು ತಿಳಿಯಲು ಇದನ್ನು ಬಳಸಿದರು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಎಂಬ ಸಂಶೋಧಕರು ಇದಕ್ಕೆ ಇಂದಿನ ಹೆಸರನ್ನು ಕೊಟ್ಟಾಗಲೂ ಅವರ ಗುರಿ ಜನಸಮೂಹಗಳ ಅಧ್ಯಯನವೇ ಆಗಿತ್ತು. ಇನ್ನು "ಇಷ್ಟು ಎತ್ತರಕ್ಕೆ ಇಷ್ಟು ತೂಕ" ಎಂಬ ಪಟ್ಟಿಗಳನ್ನು 1940ರ ದಶಕದಲ್ಲಿ ಜನಪ್ರಿಯಗೊಳಿಸಿದ್ದು ಅಮೆರಿಕದ ಮೆಟ್ರೋಪಾಲಿಟನ್ ಲೈಫ್ ಎಂಬ ವಿಮಾ ಸಂಸ್ಥೆ. ತನ್ನಲ್ಲಿ ವಿಮೆ ಮಾಡಿಸಿದವರ ಲೆಕ್ಕಪತ್ರಗಳಿಂದ ಅದು ಪಟ್ಟಿಗಳನ್ನು ಸಿದ್ಧಪಡಿಸಿತು. ಮುಂದೆ ಬಹುಕಾಲ ಶಸ್ತ್ರವೈದ್ಯರು "ಹೆಚ್ಚುವರಿ ತೂಕ"ವನ್ನು ಲೆಕ್ಕಹಾಕಿದ್ದೂ ಅಂತಹ ಪಟ್ಟಿಗಳಿಂದಲೇ.

ಅಂಕೆಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಊರಿಗೆ ಊರೇ ದಪ್ಪಗಾಗುತ್ತಿದೆಯೇ ಎಂದು ತಿಳಿಯಲು ಅವು ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಅಧಿಕ ತೂಕದವರು. ಆದರೆ ಊರಿನ ಲೆಕ್ಕ ಬೇರೆ, ಒಬ್ಬ ಮನುಷ್ಯನ ಲೆಕ್ಕ ಬೇರೆ. ಅದೂ ಅಲ್ಲದೆ ಆ ಗೆರೆಯೂ ಸ್ಥಿರವಾದುದಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ 25 ಸೂಚ್ಯಂಕದವರೆಗೆ ಸಾಧಾರಣ ತೂಕ. ಆ ಲೆಕ್ಕದಲ್ಲಿ ನಮ್ಮ ಶಿಕ್ಷಕಿಯವರ ಗುರಿ 60 ಕಿಲೋ. ಏಷ್ಯಾದ ಜನರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ 23ರಿಂದಲೇ ಎಚ್ಚರ ವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದರು. ಆ ಲೆಕ್ಕದಲ್ಲಿ ಗುರಿ 55 ಕಿಲೋ. ಹೀಗೆ, ಅವರು ಕಷ್ಟಪಟ್ಟು ಅರವತ್ತನ್ನು ಮುಟ್ಟಿದ್ದರೂ ಇನ್ನೊಂದು ಪಟ್ಟಿ ಅವರನ್ನು "ಸೋತವಳು" ಎನ್ನುತ್ತಿತ್ತು. ಇತ್ತ ಶಸ್ತ್ರವೈದ್ಯರ ವಾಡಿಕೆಯ ಲೆಕ್ಕದಲ್ಲಿ, ಹೆಚ್ಚುವರಿ ತೂಕದ ಅರ್ಧಭಾಗ ಇಳಿದರೆ ಚಿಕಿತ್ಸೆ ಸಫಲವಾದಂತೆ. ಇವರಾದರೋ 52 ಕಿಲೋ ಹೆಚ್ಚುವರಿಯಲ್ಲಿ 36 ಕಿಲೋ ಇಳಿಸಿದ್ದರು. ಒಂದೇ ದೇಹ, ಒಂದೇ ತಕ್ಕಡಿ. ಒಂದು ಲೆಕ್ಕದಲ್ಲಿ ಜಯ, ಇನ್ನೊಂದರಲ್ಲಿ ಸೋಲು.

ಗುರುಮಠದಲ್ಲಿ ನೀತಿಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ಒಂದು ಉದಾಹರಣೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಹೊಳೆದದ್ದು ಮಾತ್ರ ಆ ಸಂಜೆ. ಸದ್ಗುಣವೆಂಬುದು ಅತಿ ಮತ್ತು ಕೊರತೆಗಳ ನಡುವಿನ ಮಧ್ಯಮ ಎಂದು ಹೇಳಿದ ಆತ, ಆ ಮಧ್ಯಮವನ್ನು ಕೂಡಿಸಿ ಭಾಗಿಸಿ ಕಂಡುಹಿಡಿಯಲಾಗದು ಎಂದೂ ಎಚ್ಚರಿಸುತ್ತಾನೆ. ಹತ್ತು ಪಾಲು ಆಹಾರ ಹೆಚ್ಚು, ಎರಡು ಪಾಲು ಕಡಿಮೆ ಎಂದ ಮಾತ್ರಕ್ಕೆ ಗರಡಿಯ ಗುರು ಎಲ್ಲರಿಗೂ ಆರು ಪಾಲನ್ನೇ ಬಡಿಸುವುದಿಲ್ಲ. ಮಿಲೋನಂತಹ ಜಟ್ಟಿಗೆ ಅದು ಸಾಲದು, ಗರಡಿಗೆ ಹೊಸದಾಗಿ ಬಂದ ಹುಡುಗನಿಗೆ ಅದು ಹೆಚ್ಚಾಗುತ್ತದೆ. ನೈತಿಕ ಜೀವನದ ಮಧ್ಯಮ ಎಂದರೆ "ನಮಗೆ ಸಂಬಂಧಿಸಿದ" ಮಧ್ಯಮ, ವಿವೇಕಿಯು ತನ್ನ ಸ್ಥಿತಿಗತಿಗಳನ್ನು ತೂಗಿನೋಡಿ ಕಂಡುಕೊಳ್ಳುವಂಥದು.

ಉಪವಾಸದ ವಿಷಯದಲ್ಲಿ ಸಂತ ತೋಮಾಸ್ ಅಕ್ವಿನಾಸರು ಹೇಳಿದ್ದೂ ಇದನ್ನೇ. ಅವರು ಸ್ವತಃ ಸ್ಥೂಲಕಾಯರಾಗಿದ್ದರೆಂದು ಪರಂಪರೆ ಹೇಳುತ್ತದೆ. ಎಷ್ಟು ತ್ಯಜಿಸಿದೆವು ಎಂಬ ಪ್ರಮಾಣದಿಂದಲ್ಲ, ಸರಿಯಾದ ವಿವೇಕದಿಂದಲೇ ಉಪವಾಸವನ್ನು ಅಳೆಯಬೇಕು ಎನ್ನುವ ಅವರು, ದೇಹವನ್ನು ಮಿತಿಮೀರಿ ದಂಡಿಸುವುದು ಕದ್ದು ತಂದ ವಸ್ತುವನ್ನು ದೇವರಿಗೆ ಬಲಿ ಅರ್ಪಿಸಿದಂತೆ ಎಂಬ ಹಿರಿಯರ ಎಚ್ಚರಿಕೆಯನ್ನೂ ನೆನಪಿಸುತ್ತಾರೆ. ಧರ್ಮಸಭೆಯ ಕಾನೂನು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಉಪವಾಸವನ್ನು ವಿಧಿಸಿದರೂ ರೋಗಿಗಳನ್ನು ಬಲವಂತಪಡಿಸುವುದಿಲ್ಲ. ಜಠರವನ್ನು ಕಿರಿದುಗೊಳಿಸಿಕೊಂಡವರು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನನ್ನು ತುತ್ತು ತುತ್ತಾಗಿ ಸೇರಿಸಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಆಜೀವ ಪರ್ಯಂತ ನುಂಗಬೇಕು. ಅಂಥವರು ನಲವತ್ತು ದಿನ ನೀರು ಮಜ್ಜಿಗೆಯ ಮೇಲೆ ನಿಂತರೆ ಕರಗುವುದು ಕೊಬ್ಬು ಮಾತ್ರವಲ್ಲ. ಸ್ನಾಯು ಕರಗುತ್ತದೆ, ಕೂದಲು ಉದುರುತ್ತದೆ, ರಕ್ತ ಕ್ಷೀಣಿಸುತ್ತದೆ, ನರಗಳಿಗೂ ಅಪಾಯ ತಟ್ಟಬಹುದು. ಆದುದರಿಂದ ಆ ಉಪವಾಸಕ್ಕೆ ಆಶೀರ್ವಾದ ಕೊಡಲು ನನಗೆ ಅಧಿಕಾರವಿರಲಿಲ್ಲ. "ನಿಮ್ಮ ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ ಅಮ್ಮಾ" ಎಂದಷ್ಟೇ ಹೇಳಿ ಕಳುಹಿಸಿದೆ. ಅವರ ಮುಖ ಬಾಡಿತು.

ಆ ವಾರವೇ ತೆರಕಣಾಂಬಿಯ ಕಡೆಗೆ ಹಾಸಿಗೆ ಹಿಡಿದ ರೋಗಿಯೊಬ್ಬರಿಗೆ ಪರಮಪ್ರಸಾದ ಕೊಡಲು ಹೋಗಿದ್ದೆ. ಅದು ಅರಿಸಿನ ಕಿತ್ತು ಬೇಯಿಸುವ ಕಾಲ. ಹಿಂದಿರುಗುವಾಗ ದಾರಿಬದಿಯ ಕಣದಲ್ಲಿ ಅರಿಸಿನ ಹರವುತ್ತಿದ್ದ ರೈತರೊಬ್ಬರೊಡನೆ ಮಾತಿಗೆ ನಿಂತೆ. ಹಸಿ ಅರಿಸಿನವನ್ನು ಬೇಯಿಸಿ ಹತ್ತು ಹದಿನೈದು ದಿನ ಬಿಸಿಲಿಗೆ ಒಣಗಿಸಿದರೆ ತೂಕ ಸುಮಾರು ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಳಿಗೆ ತಕ್ಕಂತೆ, ಮಣ್ಣಿಗೆ ತಕ್ಕಂತೆ ಹೆಚ್ಚು ಕಡಿಮೆಯೂ ಆಗುತ್ತದೆ. ಒಣಗಿದ್ದು ಸಾಕೆಂದು ಹೇಗೆ ತಿಳಿಯುತ್ತದೆ, ತೂಗಿ ನೋಡುತ್ತೀರಾ ಎಂದು ಕೇಳಿದೆ. ಅವರು ನಕ್ಕರು. "ತೂಕ ನೋಡ್ಕಂಡು ಒಣಗ್ಸಕಾಯ್ತದ ಬುದ್ಧಿ? ಮುರ್ದು ನೋಡ್ಬೇಕು" ಎಂದು ಒಂದು ಬೆರಳನ್ನು ಮುರಿದರು. ಟಣ್ ಎಂದು ಲೋಹದಂತಹ ಸದ್ದು ಬಂತು. "ಸದ್ದು ಬಂದ್ರೆ ಆಯ್ತು ಅಂತ. ಹಸಿ ಉಳುದ್ರೆ ಬೂಷ್ಟು ಹಿಡೀತದ, ಜಾಸ್ತಿ ಬೇಯ್ಸುದ್ರೆ ಬಣ್ಣ ಹೊಂಟೋಯ್ತದ."

ದಾರಿಯುದ್ದಕ್ಕೂ ಆ ಮಾತನ್ನೇ ಯೋಚಿಸುತ್ತ ಬಂದೆ. ಮಾರುಕಟ್ಟೆಗೆ ಹೋದಾಗ ತಕ್ಕಡಿ ಬೇಕು. ಆದರೆ ಕಣದಲ್ಲಿ "ಸಾಕು" ಎನ್ನುವುದನ್ನು ಹೇಳುವುದು ಅರಿಸಿನದ ಒಳಗಿನ ಸ್ಥಿತಿ.

ಆಶ್ಚರ್ಯವೆಂದರೆ, ಮರುವಾರ ಮೈಸೂರಿಗೆ ಹೋಗಿ ಬಂದ ಶಿಕ್ಷಕಿ ತಮ್ಮ ವೈದ್ಯರ ಉತ್ತರವನ್ನು ಹೇಳಿದಾಗ ಅದು ಆ ರೈತರ ಉತ್ತರದಂತೆಯೇ ಇತ್ತು. ವೈದ್ಯರು ಪಟ್ಟಿಯನ್ನು ಬದಿಗಿಟ್ಟು ಬೇರೆ ಪ್ರಶ್ನೆಗಳನ್ನು ಕೇಳಿದ್ದರು. ಸಕ್ಕರೆ ಹತೋಟಿಯಲ್ಲಿದೆಯೇ? ರಕ್ತದೊತ್ತಡ? ರಾತ್ರಿ ನಿದ್ರೆ? ಸೊಂಟದ ಸುತ್ತಳತೆ ಎಷ್ಟು ಇಳಿದಿದೆ? ರಕ್ತಪರೀಕ್ಷೆಯಲ್ಲಿ ಕಬ್ಬಿಣ, ಬಿ12 ಸರಿಯಿವೆಯೇ? ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ? ಈ ತೂಕದಲ್ಲಿ ನಿಲ್ಲಲು ಪ್ರತಿದಿನ ಯುದ್ಧ ಮಾಡಬೇಕಾಗಿದೆಯೇ, ಇಲ್ಲವೇ ಕ್ರಮವಾಗಿ ಉಂಡು, ನಡೆದು, ನೆಮ್ಮದಿಯಿಂದ ಇರಲು ಸಾಧ್ಯವೇ? ಈ ಚಿಕಿತ್ಸೆಯ ನಂತರ ಒಂದರಿಂದ ಎರಡು ವರ್ಷಗಳೊಳಗೆ ತೂಕ ತನ್ನ ಕೆಳಮಟ್ಟವನ್ನು ಮುಟ್ಟಿ ನಿಲ್ಲುವುದು, ಆಮೇಲೆ ತುಸು ಏರುವುದು ಸಾಮಾನ್ಯ. ಸಡಿಲಗೊಂಡ ಚರ್ಮಕ್ಕೂ ತೂಕವಿದೆ. ಅದು ಪಥ್ಯದಿಂದ ಕರಗುವುದಿಲ್ಲ. ಕೊನೆಗೆ ವೈದ್ಯರು ಒಂದು ಸಂಖ್ಯೆಯ ಬದಲು ಒಂದು ಅಂತರವನ್ನು ಕೊಟ್ಟರು: 73ರಿಂದ 78ರೊಳಗೆ ಇರಿ, 78 ದಾಟಿದರೆ ತಡಮಾಡದೆ ಬನ್ನಿ, 73ಕ್ಕಿಂತ ಕೆಳಗೆ ಹೋದರೂ ಬನ್ನಿ.

ಇದು ರೋಗಿಯ ಮನ ಒಲಿಸುವ ಸಾಂತ್ವನದ ಮಾತಲ್ಲ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಅನುಸರಿಸಿದ ಅಧ್ಯಯನವೊಂದಿದೆ. 2007ರಲ್ಲಿ ಪ್ರಕಟವಾದ ಅದರ ವರದಿಯಂತೆ, ಚಿಕಿತ್ಸೆ ಪಡೆದವರು ಹತ್ತು ವರ್ಷಗಳ ನಂತರ, ಶಸ್ತ್ರಕ್ರಿಯೆಯ ಬಗೆಗೆ ತಕ್ಕಂತೆ, ಸರಾಸರಿಯಾಗಿ ತಮ್ಮ ಮೂಲ ತೂಕದ ಶೇಕಡಾ 14ರಿಂದ 25ರಷ್ಟನ್ನು ಮಾತ್ರ ಕಳೆದುಕೊಂಡಿದ್ದರು. ಆ ಸರಾಸರಿ ಪಟ್ಟಿಯ "ಸಾಧಾರಣ ತೂಕ"ಕ್ಕೆ ಬಹು ದೂರ. ಆದರೂ ಚಿಕಿತ್ಸೆ ಪಡೆಯದವರಿಗೆ ಹೋಲಿಸಿದರೆ ಅವರಲ್ಲಿ ಮರಣದ ಪ್ರಮಾಣ ಕಡಿಮೆಯಿತ್ತು. ಅಂದರೆ ಆಯುಸ್ಸು ಅವರಿಗೆ ದೊರೆತದ್ದು ಪಟ್ಟಿಯ ಗೆರೆಯನ್ನು ಮುಟ್ಟಿದ್ದರಿಂದಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ: "ಸಾಕು ಎನ್ನುವುದು ಸೋಮಾರಿಯ ಮಾತಲ್ಲವೇ? ಗುರಿ ತಲುಪದವನು ಗುರಿಯನ್ನೇ ಹತ್ತಿರಕ್ಕೆ ಎಳೆದುಕೊಂಡಂತೆ ಆಗಲಿಲ್ಲವೇ?" ಇದು ತೂಕವಿರುವ ಪ್ರಶ್ನೆ. ಚಿಕಿತ್ಸೆಯಾದ ನಂತರ ಮಾತ್ರೆ ಬಿಟ್ಟವರು, ವೈದ್ಯರ ಬಳಿಗೆ ಹೋಗುವುದನ್ನೇ ನಿಲ್ಲಿಸಿದವರು, ಸಿಹಿ ಪಾನೀಯಗಳನ್ನು ಗುಟುಕು ಗುಟುಕಾಗಿ ಕುಡಿಯುತ್ತಲೇ ಇದ್ದು ಕಳೆದ ತೂಕವನ್ನು ಮರಳಿ ಪಡೆದವರು ಇದ್ದಾರೆ. ಅವರೂ "ಇಷ್ಟು ಸಾಕು" ಎಂದೇ ಹೇಳುತ್ತಾರೆ. ಹಸಿಯಾಗಿಯೇ ಮೂಟೆ ಕಟ್ಟಿದ ಅರಿಸಿನದಂತೆ ಆ ತೃಪ್ತಿಗೆ ಬೂಷ್ಟು ಹಿಡಿಯುತ್ತದೆ. ಹಾಗಾದರೆ ತೃಪ್ತಿಗೂ ಆಲಸ್ಯಕ್ಕೂ ಇರುವ ವ್ಯತ್ಯಾಸವೇನು? ನನಗೆ ತೋರುವುದು ಇಷ್ಟು. ಆಲಸ್ಯದ "ಸಾಕು" ಯಾರ ಪರೀಕ್ಷೆಗೂ ಒಳಪಡಲು ಒಪ್ಪುವುದಿಲ್ಲ. ವಿವೇಕದ "ಸಾಕು" ಪ್ರತಿ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಕೈ ಚಾಚುತ್ತದೆ. ಮೊದಲನೆಯದು ಪ್ರಯತ್ನವನ್ನು ಕೈಬಿಡುತ್ತದೆ. ಎರಡನೆಯದು ಇಳಿಸುವ ಪ್ರಯತ್ನವನ್ನು ಕಾಪಾಡುವ ಪ್ರಯತ್ನವನ್ನಾಗಿ ಮಾರ್ಪಡಿಸುತ್ತದೆ. ಕಾಪಾಡುವ ಕೆಲಸ ಇಳಿಸುವ ಕೆಲಸಕ್ಕಿಂತ ಸುಲಭವಲ್ಲ. ಅದಕ್ಕೆ ಚಪ್ಪಾಳೆ ತಟ್ಟುವವರೂ ಇರುವುದಿಲ್ಲ. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನಾ ದೊರೆತ ವಿಮೋಚನಾಕಾಂಡದ ಕಥೆ ನಿಮಗೆ ಗೊತ್ತು. ಅಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕಿತ್ತು. ಆದರೆ ಪ್ರತಿದಿನ ಬೆಳಗ್ಗೆ ಎದ್ದು ಕೂಡಿಸಿಕೊಳ್ಳುವ ಶ್ರಮ ಯಾರಿಗೂ ತಪ್ಪಿರಲಿಲ್ಲ.

ಇನ್ನು ನೆರೆಹೊರೆಯವರ ಕಣ್ಣಿನ ವಿಷಯ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆ ತಪಸ್ಸುಕಾಲಕ್ಕೆ ಎರಡು ತಿಂಗಳ ಹಿಂದೆ, ಕ್ರಿಸ್ಮಸ್ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲಿ, ಹತ್ತು ಜನರ ಎದುರಿಗೆ ನಾನೇ ಆ ಶಿಕ್ಷಕಿಗೆ ಹೇಳಿದ್ದೆ: "ಬಹಳ ಚೆನ್ನಾಗಿ ಇಳಿದಿದ್ದೀರಿ. ಇನ್ನು ಸ್ವಲ್ಪ ಇಳಿದುಬಿಟ್ಟರೆ ಪೂರ್ತಿ ಗೆದ್ದ ಹಾಗೆ!" ಹೊಗಳಿಕೆಯೆಂದೇ ಹೇಳಿದ ಮಾತು. ಅವರು ಅದನ್ನು ತೀರ್ಪಾಗಿ ಮನೆಗೆ ಹೊತ್ತುಕೊಂಡು ಹೋಗಿದ್ದರು. ಉಪವಾಸಕ್ಕೆ ನನ್ನ ಆಶೀರ್ವಾದ ಕೇಳಲು ಬಂದದ್ದೂ ಆ ಮಾತಿನಿಂದಲೇ ಎಂದು ಮುಂದೆ ಅವರೇ ತಿಳಿಸಿದರು. ನಮ್ಮ ಊರಿನ ಹಬ್ಬಗಳಲ್ಲಿ ನಾವು ಮಾಡುವುದಾದರೂ ಏನು? ಪಂಕ್ತಿಯಲ್ಲಿ ಕುಳಿತವರಿಗೆ "ಇನ್ನೊಂಚೂರು ಹಾಕ್ಕೊಳಿ, ಏನೂ ತಿಂತಾನೇ ಇಲ್ಲ" ಎಂದು ಬಲವಂತ ಮಾಡುತ್ತೇವೆ. ಕೈ ತೊಳೆದು ಬಂದ ಮೇಲೆ "ಏನಿಷ್ಟು ದಪ್ಪ ಆಗ್ಬಿಟ್ರಿ" ಎನ್ನುತ್ತೇವೆ. ಇಳಿದವರನ್ನು ಕಂಡರೆ "ಕಾಯಿಲೆಯಾ?" ಎಂದು ಕೇಳುತ್ತೇವೆ. ಒಂದೇ ಬಾಯಿಂದ ಬರುವ ಈ ಮೂರು ಮಾತುಗಳ ನಡುವೆ ಒಬ್ಬ ಮನುಷ್ಯ ನೆಮ್ಮದಿಯಾಗಿ ಬದುಕುವುದು ಹೇಗೆ?

ಪರರ ಕಣ್ಣೇ ಅಳತೆಗೋಲಾದರೆ ಎಂತಹ ಬೆಲೆ ತೆರಬೇಕಾಗಬಹುದು ಎಂಬುದನ್ನು ನಮ್ಮ ನಾಡು ಕಂಡಿದೆ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ಯುವ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ಮೃತಪಟ್ಟರು. ಆಗ ಅವರಿಗೆ ಇಪ್ಪತ್ತು ದಾಟಿ ಹೆಚ್ಚು ಕಾಲವಾಗಿರಲಿಲ್ಲ. ಅದು ನಮ್ಮ ಶಿಕ್ಷಕಿ ಮಾಡಿಸಿಕೊಂಡ ಚಿಕಿತ್ಸೆಗಿಂತ ಬೇರೆ ಬಗೆಯದು. ರೋಗ ನಿವಾರಣೆಗಾಗಿ ಮಾಡುವಂಥದಲ್ಲ. ಆ ಮಗಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ತೆರೆಯ ಮೇಲೆ ಹೀಗೆಯೇ ಕಾಣಬೇಕೆಂದು ಬಯಸುವ ಲಕ್ಷಾಂತರ ಕಣ್ಣುಗಳಲ್ಲಿ ನಮ್ಮ ಕಣ್ಣುಗಳೂ ಇವೆ ಎಂಬುದನ್ನು ನಾವು ಮರೆಯಬಾರದು ಎಂದಷ್ಟೇ ನನ್ನ ಬಿನ್ನಹ.

ಆ ಶಿಕ್ಷಕಿಯೊಡನೆ ಇನ್ನೊಮ್ಮೆ ಮಾತನಾಡುವಾಗ ಅವರು ಒಂದು ವಿಷಯ ಹೇಳಿದರು. ಚಿಕಿತ್ಸೆಗೆ ಮುಂಚಿನ ತಮ್ಮ ಭಾವಚಿತ್ರಗಳನ್ನೆಲ್ಲ ಹರಿದುಹಾಕಿದ್ದರಂತೆ; ಮಕ್ಕಳ ನಾಮಕರಣದ ಚಿತ್ರಗಳನ್ನೂ ಸಹ. "ಆ ಹೆಂಗಸನ್ನ ನೋಡಕ್ಕೆ ಆಗಲ್ಲ ಫಾದರ್" ಎಂದರು. ನನಗೆ ಅಸ್ಸಿಸಿಯ ಸಂತ ಫ್ರಾನ್ಸಿಸರು ನೆನಪಾದರು. ತಮ್ಮ ದೇಹವನ್ನು "ಸಹೋದರ ಕತ್ತೆ" ಎಂದು ಕರೆದು ಜೀವನವಿಡೀ ಕಠಿಣವಾಗಿ ದುಡಿಸಿಕೊಂಡ ಆ ಮಹಾತ್ಮರು, 1226ರಲ್ಲಿ ತೀರಿಹೋಗುವ ಮುನ್ನ, ಈ ಸಹೋದರನಿಗೆ ತಾನು ಬಹಳ ಅನ್ಯಾಯ ಮಾಡಿದೆನೆಂದು ಒಪ್ಪಿಕೊಂಡರೆಂದು ಅವರ ಜೀವನ ಕಥೆ ಬರೆದವರು ಹೇಳುತ್ತಾರೆ. ನಾನು ಶಿಕ್ಷಕಿಗೆ ಹೇಳಿದೆ: "ಆ ಹೆಂಗಸೇ ಅಲ್ಲವೇ ಅಮ್ಮಾ, ಎರಡು ಮಕ್ಕಳನ್ನು ಹೆತ್ತವಳು? ನೋವಿನ ಕಾಲಿನಲ್ಲಿ ಕಪ್ಪು ಹಲಗೆಯ ಮುಂದೆ ನಿಂತು ಅಷ್ಟು ಮಕ್ಕಳಿಗೆ ಅಕ್ಷರ ಕಲಿಸಿದವಳು? ಭಯಪಡುತ್ತಲೇ ಆಪರೇಷನ್ ಮೇಜಿನ ಮೇಲೆ ಮಲಗಿದವಳೂ ಅವಳೇ." ಅವರು ಏನೂ ಉತ್ತರಿಸಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು.

ದೇಹವು ಪವಿತ್ರಾತ್ಮರ ಆಲಯವೆಂಬ ಸಂತ ಪೌಲರ ಬೋಧನೆಯನ್ನು ನಾವು ಅನೇಕ ಸಲ ದುಶ್ಚಟಗಳ ವಿರುದ್ಧ ಮಾತ್ರ ಬಳಸುತ್ತೇವೆ. ಆದರೆ ಆಲಯವನ್ನು ಯಾರೂ ತೂಗಿ ನೋಡುವುದಿಲ್ಲ. ಮಳೆಗೆ ಸೋರುತ್ತಿದೆಯೇ, ಗೋಡೆ ಗಟ್ಟಿಯಾಗಿದೆಯೇ, ಒಳಗೆ ಪ್ರಾರ್ಥನೆ ನಡೆಯುತ್ತಿದೆಯೇ, ಬಂದವರಿಗೆ ಸ್ಥಳವಿದೆಯೇ ಎಂದು ನೋಡುತ್ತೇವೆ. ದೇಹದ ಗುರಿಯನ್ನು ನಿರ್ಧರಿಸುವಾಗಲೂ ಕೇಳಬೇಕಾದ ಪ್ರಶ್ನೆ ಅದೇ: ಈ ದೇಹ ಯಾವ ಕೆಲಸಕ್ಕಾಗಿ ಇದೆ, ಆ ಕೆಲಸವನ್ನು ಅದು ಮಾಡಬಲ್ಲದೇ? ಇದಕ್ಕೆ ಉತ್ತರಿಸುವ ಹಕ್ಕು ಮತ್ತು ಹೊಣೆ ಎರಡೂ ಆ ದೇಹದಲ್ಲಿ ಬದುಕುವವರದು. ಜೊತೆಯಲ್ಲಿ ಸತ್ಯ ಹೇಳುವ ಒಬ್ಬ ವೈದ್ಯರು ಇರಬೇಕು. ಉಳಿದ ನಾವು, ಗಂಡನಾಗಲಿ, ಅತ್ತೆಯಾಗಲಿ, ಗುರುವಾಗಲಿ, ಅವರ ತಟ್ಟೆಗೆ ಬಲವಂತವಾಗಿ ಬಡಿಸದೆ, ಅವರ ತೂಕದ ಬಗ್ಗೆ ಕೇಳದೆಯೇ ತೀರ್ಪು ಕೊಡದೆ, ಸಂಜೆಯ ನಡಿಗೆಗೆ ಜೊತೆಯಾದರೆ ಅದೇ ದೊಡ್ಡ ಉಪಕಾರ.

ಆ ತಪಸ್ಸುಕಾಲದಲ್ಲಿ ಅವರು ಊಟ ಬಿಡಲಿಲ್ಲ. ಬದಲಿಗೆ ಪ್ರತಿದಿನ ಬೆಳಗ್ಗೆ ತಕ್ಕಡಿಯ ಮೇಲೆ ನಿಲ್ಲುವುದನ್ನು ಬಿಟ್ಟು ವಾರಕ್ಕೊಮ್ಮೆ ಮಾತ್ರ ನಿಲ್ಲುವುದೆಂದು ನಿಶ್ಚಯಿಸಿಕೊಂಡರು. ಊಟ ಬಿಡುವುದಕ್ಕಿಂತ ಇದು ಕಷ್ಟವಾಯಿತೆಂದು ಆಮೇಲೆ ಹೇಳಿದರು. ಈಗಲೂ ಒಮ್ಮೊಮ್ಮೆ ಅರವತ್ತು ಎಂಬ ಸಂಖ್ಯೆ ಅವರನ್ನು ಕಾಡುವುದುಂಟಂತೆ.

ಶುಭ ಶುಕ್ರವಾರದ ಬೆಳಗ್ಗೆ ಶಿಲುಬೆ ಹಾದಿ ನಡೆಸುತ್ತಿದ್ದಾಗ ನನ್ನ ಕಣ್ಣಿಗೆ ಒಂದು ದೃಶ್ಯ ಬಿತ್ತು. ಹದಿನಾಲ್ಕು ಸ್ಥಳಗಳಲ್ಲಿಯೂ ಆ ಶಿಕ್ಷಕಿ ಎಲ್ಲರೊಂದಿಗೆ ಮೊಣಕಾಲೂರಿ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಲ್ಲುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಅವರು ಕೊನೆಯ ಬೆಂಚಿನಲ್ಲಿ ಕುಳಿತೇ ಇರುತ್ತಿದ್ದದ್ದು ಆಗ ನೆನಪಾಯಿತು. ಅವರು ಮೊಣಕಾಲೂರಲು ಆರಂಭಿಸಿ ಎಷ್ಟೋ ತಿಂಗಳುಗಳಾಗಿದ್ದಿರಬೇಕು. ಎಷ್ಟು ಕಿಲೋ ಇಳಿದಿದ್ದಾರೆಂದು ಲೆಕ್ಕವಿಟ್ಟಿದ್ದ ನಾನು ಅದನ್ನು ಗಮನಿಸಿಯೇ ಇರಲಿಲ್ಲ.